ನಿಮಗಿದು ಗೊತ್ತೇ? ಇಬ್ಬರ ಸೈಕಲ್ಲಿಗೆ ಒಬ್ಬರ ಫೋರ್ಕು

ಬೆಂಗಳೂರಿನ ಅಂಚಿನ ಬೊಮ್ಮಸಂದ್ರದಿಂದ ಹೊಸೂರು ರಸ್ತೆ ಹಿಡಿದು ಅತ್ತಿಬೆಲೆ ದಾಟಿದರೆ ತಮಿಳುನಾಡಿನ ಹೊಸೂರು. 1980ರಲ್ಲಿ ಅಲ್ಲಿನ ಕಾರ್ಖಾನೆಯಿಂದ ಹೊರಬಂದ ಟಿವಿಎಸ್ 50, ಇಬ್ಬರು ಕೂರಬಹುದಾದ ಭಾರತದ ಮೊದಲ ಮೊಪೆಡ್. ಮೋಟರ್‌ಸೈಕಲ್ಲಿನ ಮುಂದಿನ ಫೋರ್ಕು ತಯಾರಿಸುವ ಗೇಬ್ರಿಯಲ್ ಇಂಡಿಯಾದ ಕಾರ್ಖಾನೆಯೂ ಹೊಸೂರಿನಲ್ಲಿದೆ. ಎರಡು ಚಕ್ರದ ಮೇಲೆ ಇಬ್ಬರನ್ನು ಹೊರಿಸುವ ಲೆಕ್ಕಾಚಾರ ಈ ರಸ್ತೆಗೆ ಹಳೆಯದು.

ಸೈಕಲ್ ಫೋರ್ಕಿನ ಕಥೆ ಬೇರೆ. ‘ಈ ಫೋರ್ಕು ಒಬ್ಬ ಸವಾರನಿಗೆ’ ಎಂಬ ಮಾತು ರಾಕ್‌ಶಾಕ್ಸ್ ಕಂಪನಿಯ ಕೈಪಿಡಿಯಲ್ಲೇ ಇರುತ್ತದೆ. ಟ್ಯಾಂಡೆಮ್‌ಗೆ, ಅಂದರೆ ಇಬ್ಬರು ತುಳಿಯುವ ಜೋಡಿ ಸೈಕಲ್ಲಿಗೆ, ಅದನ್ನೇ ಹಾಕಿ ಗುಡ್ಡ ಇಳಿಸಿದರೆ ವಾರಂಟಿ ಕೇಳುವ ಮುಖ ಉಳಿಯುವುದಿಲ್ಲ. ಕೊಳ್ಳುವ ಮೊದಲು ಫ್ರೇಮಿನವರನ್ನೂ ಫೋರ್ಕಿನವರನ್ನೂ ಬೇರೆ ಬೇರೆಯಾಗಿ ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ. ಅಂಗಡಿಯವರ ‘ಏನೂ ಆಗಲ್ಲ ಸಾರ್’ ಲೆಕ್ಕಕ್ಕಿಲ್ಲ.

ಎಣ್ಣೆಯಿಂದ ಕುಲುಕಾಟ ತಡೆಯುವ ಟೆಲಿಸ್ಕೋಪಿಕ್ ಫೋರ್ಕನ್ನು ಮಾರಾಟದ ಮೋಟರ್‌ಸೈಕಲ್ಲಿಗೆ ಮೊದಲು ಹಾಕಿದ್ದು ಬಿಎಂಡಬ್ಲ್ಯು, 1935ರಲ್ಲಿ. ಸೈಕಲ್ಲಿಗೆ ಅದು ಬಂದು ನೆಲೆಯೂರಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಪಾಲ್ ಟರ್ನರ್ ಕಟ್ಟಿದ ರಾಕ್‌ಶಾಕ್ಸ್‌ನ ಆರ್‌ಎಸ್-1 ಫೋರ್ಕು ಬಂದದ್ದು 1989ರ ಹೊತ್ತಿಗೆ. ಮರುವರ್ಷ ಅಮೆರಿಕದ ಡುರಾಂಗೊದಲ್ಲಿ ನಡೆದ ಮೊದಲ ಮೌಂಟನ್ ಬೈಕ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗ್ರೆಗ್ ಹರ್ಬೋಲ್ಡ್ ಇಳಿಜಾರಿನ ಸ್ಪರ್ಧೆ ಗೆದ್ದದ್ದು ಇದೇ ಫೋರ್ಕಿನ ಮೇಲೆ. ಅಲ್ಲಿಯವರೆಗೆ ‘ಸೈಕಲ್ಲಿಗೆ ಶಾಕ್ ಯಾಕೆ’ ಎಂದು ಮೂಗು ಮುರಿಯುತ್ತಿದ್ದವರು ಸುಮ್ಮನಾದರು.

ಟ್ಯಾಂಡೆಮ್‌ನಲ್ಲಿ ಮುಂದೆ ಕೂತು ಹ್ಯಾಂಡಲ್ ಹಿಡಿಯುವವರು ಕ್ಯಾಪ್ಟನ್, ಹಿಂದಿನವರು ಸ್ಟೋಕರ್. ಪ್ಯಾರಾಲಿಂಪಿಕ್ಸ್‌ನಲ್ಲಿ ದೃಷ್ಟಿದೋಷವುಳ್ಳ ಸ್ಪರ್ಧಿಗಳು ಓಡಿಸುವುದು ಇಂಥ ಸೈಕಲ್ಲನ್ನೇ. ಮುಂದೆ ಕಣ್ಣುಳ್ಳ ಪೈಲಟ್, ಹಿಂದೆ ಸ್ಪರ್ಧಿ.

ಮುಂದಿನ ಫೋರ್ಕಿನ ಸುಖ ಇಬ್ಬರಿಗೂ ಸಮನಾಗಿ ಹಂಚಿಕೆಯಾಗುತ್ತದೆಯೇ? ಇಲ್ಲ. ಎರಡು ಚಕ್ರಗಳ ನಡುವೆ 1.8 ಮೀಟರ್ ಅಂತರ, ಸ್ಟೋಕರ್‌ನ ಭಾರ ಹಿಂದಿನ ಆಕ್ಸಲ್‌ನಿಂದ ಅರ್ಧ ಮೀಟರ್ ಮುಂದೆ, ಕ್ಯಾಪ್ಟನ್‌ನದು 1.2 ಮೀಟರ್ ಮುಂದೆ ಎಂದಿಟ್ಟುಕೊಳ್ಳಿ. ಶಾಕ್ ಇಲ್ಲದ ಗಾಡಿಯ ಮುಂದಿನ ಚಕ್ರ 50 ಮಿ.ಮೀ. ಎತ್ತರದ ಕಲ್ಲು ಹತ್ತಿದರೆ ಕ್ಯಾಪ್ಟನ್ 33 ಮಿ.ಮೀ. ಮೇಲೇಳುತ್ತಾರೆ, ಸ್ಟೋಕರ್ 14 ಮಾತ್ರ. ಅದೇ ಕಲ್ಲು ಹಿಂದಿನ ಚಕ್ರಕ್ಕೆ ಬಂದಾಗ ಸ್ಟೋಕರ್‌ಗೆ 36. ಅಷ್ಟು ಹಣ ಸುರಿದು ಹಾಕಿಸಿದ ಫೋರ್ಕು ಹೆಚ್ಚುಕಡಿಮೆ ಕ್ಯಾಪ್ಟನ್‌ನ ಸ್ವಂತ ಆಸ್ತಿ. ಹಿಂದಿನವರಿಗೆ ಒಂದು ಸಸ್ಪೆನ್ಷನ್ ಸೀಟ್‌ಪೋಸ್ಟ್ ಕೊಡಿಸದಿದ್ದರೆ ಜೋಡಿ ಬಹುಕಾಲ ಬಾಳುವುದು ಕಷ್ಟ.

ಇದೇ ಲೆಕ್ಕದಲ್ಲಿ ತೂಕ. ಒಂಟಿ ಸೈಕಲ್ಲಿನಲ್ಲಿ 70 ಕೆ.ಜಿ.ಯ ಸವಾರ ಮುಂದಿನ ಚಕ್ರದ ಮೇಲೆ ಹೊರಿಸುವುದು ಸುಮಾರು 30 ಕೆ.ಜಿ. ಅದೇ ತೂಕದ ಇಬ್ಬರು ಟ್ಯಾಂಡೆಮ್ ಏರಿದರೆ ಅದು 66 ಆಗುತ್ತದೆ. ದುಪ್ಪಟ್ಟಿಗೂ ಒಂದು ಹಿಡಿ ಜಾಸ್ತಿ.

ಸ್ಟೋಕರ್ ಬದಲಾಗಿ 20 ಕೆ.ಜಿ. ಹೆಚ್ಚಿನವರು ಹಿಂದೆ ಕೂತರೆ ಮುಂದಿನ ಭಾರ ಏರುವುದು ಐದಾರು ಕೆ.ಜಿ. ಮಾತ್ರ. ಕ್ಯಾಪ್ಟನ್ ಬದಲಾದರೆ 13. ಮಗಳ ಬದಲು ಅಪ್ಪ ಹಿಂದೆ ಕೂತಾಗ ಫೋರ್ಕಿಗೆ ಗಾಳಿ ತುಂಬುವ ಪಂಪು ಹುಡುಕುವ ಅಗತ್ಯವಿಲ್ಲ; ಅಪ್ಪ ಹ್ಯಾಂಡಲ್ ಹಿಡಿದಾಗ ಇದೆ.

ಇಷ್ಟೆಲ್ಲ ಹೇಳಿದ ಮೇಲೂ, ಟ್ಯಾಂಡೆಮ್ ಫೋರ್ಕಿನ ನಿಜವಾದ ಪರೀಕ್ಷೆ ಮೇಲಿನಿಂದ ಬೀಳುವ ಭಾರವಲ್ಲ, ಬ್ರೇಕು. ಒಂಟಿ ಸೈಕಲ್ಲಿನಲ್ಲಿ ಮುಂದಿನ ಬ್ರೇಕನ್ನು ಮಿತಿಮೀರಿ ಒತ್ತಿದರೆ ಹಿಂದಿನ ಚಕ್ರ ಎದ್ದು ಸವಾರ ಮುಂದಕ್ಕೆ ಮಗುಚುತ್ತಾನೆ. ಗುರುತ್ವದ ಅರ್ಧಕ್ಕಿಂತ ತುಸು ಹೆಚ್ಚಿನ ಬಲದಲ್ಲಿ ನಿಲ್ಲಿಸಲು ಹೋದರೆ ಸಾಕು, ಮಗುಚುವ ಗಡಿ ಮುಟ್ಟಿದಂತೆ. ಈ ಭಯವೇ ಫೋರ್ಕನ್ನು ಕಾಯುತ್ತದೆ; ಅದರಾಚೆಗಿನ ಬಲ ಫೋರ್ಕಿನವರೆಗೆ ಬರುವುದೇ ಇಲ್ಲ. ಉದ್ದನೆಯ ಟ್ಯಾಂಡೆಮ್ ಹಾಗೆ ಮಗುಚಲು ಗುರುತ್ವದ ಎಂಟೊಂಬತ್ತು ಹತ್ತಾಂಶದಷ್ಟು ಬಲ ಬೇಕು. ಮಣ್ಣಿನ ಹಾದಿಯಲ್ಲಿ ಅದಕ್ಕೂ ಮೊದಲೇ ಟಯರು ಜಾರುತ್ತದೆ. ಅಂದರೆ ಕ್ಯಾಪ್ಟನ್ ಧೈರ್ಯವಾಗಿ ಒತ್ತಬಹುದು, ಒತ್ತುತ್ತಾರೆ ಕೂಡ. ಸೈಕಲ್ಲೂ ಸೇರಿ 160 ಕೆ.ಜಿ.ಯನ್ನು ಮುಂದಿನ ಬ್ರೇಕೊಂದರಿಂದಲೇ ಅರ್ಧ ಗುರುತ್ವದಲ್ಲಿ ತಡೆದರೆ ಆಕ್ಸಲನ್ನು ಹಿಂದಕ್ಕೆ ತಳ್ಳುವ ಬಲ 80 ಕೆ.ಜಿ. ತೂಕದಷ್ಟು. ಒಂಟಿ ಸೈಕಲ್ಲಿನಲ್ಲಿ ಇದು 42ರ ಆಸುಪಾಸು. ಅರ್ಧ ಮೀಟರಿಗೂ ಉದ್ದದ ಸನ್ನೆಗೋಲಿನ ತುದಿಯಲ್ಲಿ ಈ ಬಲ ಎಳೆಯುತ್ತದೆ; ಇನ್ನೊಂದು ತುದಿಯಲ್ಲಿ ನಲುಗುವುದು ಫೋರ್ಕಿನ ಎರಡೂ ಕಾಲುಗಳು ಸೇರುವ ಕ್ರೌನು.

ತಮಾಷೆಯೆಂದರೆ, ಅದೇ ಬ್ರೇಕಿಗೆ ಮುಂದಕ್ಕೆ ವರ್ಗವಾಗುವ ತೂಕ ಟ್ಯಾಂಡೆಮ್‌ನಲ್ಲಿ ಸುಮಾರು 49 ಕೆ.ಜಿ., ಒಂಟಿಯಲ್ಲಿ 41. ಅಷ್ಟೇ ವ್ಯತ್ಯಾಸ. ಸ್ಪ್ರಿಂಗು ಮಾತ್ರ ಆಗಲೇ ದುಪ್ಪಟ್ಟು ಗಟ್ಟಿಯಾಗಿರುತ್ತದೆ. ಹಾಗಾಗಿ ಸರಿಯಾಗಿ ಹೊಂದಿಸಿದ ಟ್ಯಾಂಡೆಮ್ ಫೋರ್ಕು ಬ್ರೇಕಿಗೆ ಒಂಟಿಗಿಂತ ಕಡಿಮೆ ಕುಸಿಯುತ್ತದೆ. ‘ಇಬ್ಬರ ಭಾರ ಅಲ್ವಾ’ ಎಂದು ಕುಸಿತ ನಿಧಾನಿಸುವ ಕಂಪ್ರೆಷನ್ ತಿರುಪನ್ನು ಕೊನೆಯವರೆಗೆ ಬಿಗಿಯುವವರು ಕೈ ನೋಯಿಸಿಕೊಳ್ಳುತ್ತಾರೆ, ಅಷ್ಟೇ. ಬಾಗುವುದನ್ನು ತಿರುಪು ತಡೆಯಲಾರದು, ದಪ್ಪ ಕೊಳವೆ ತಡೆಯುತ್ತದೆ.

ಎಷ್ಟು ದಪ್ಪ? ಗೋಡೆಯ ದಪ್ಪ ಒಂದೇ ಇದ್ದರೆ ಕೊಳವೆಯ ಬಿಗುವು ವ್ಯಾಸದ ಘನಕ್ಕೆ ಅನುಗುಣ. 32 ಮಿ.ಮೀ. ಕೊಳವೆಗಿಂತ 36ರದ್ದು ಶೇ. 42ರಷ್ಟು ಬಿಗಿ, 38ರದ್ದು ಶೇ. 67, 40ರದ್ದು ಹೆಚ್ಚುಕಡಿಮೆ ಎರಡು ಪಟ್ಟು. ಬ್ರೇಕು ಹಾಕಿದಾಗಿನ ದುಪ್ಪಟ್ಟು ಬಾಗಿಸುವ ಬಲಕ್ಕೆ ಜೋಡಿಸಿ ನೋಡಿದರೆ 32ನ್ನು ಪಟ್ಟಿಯಿಂದ ಹೊಡೆದುಹಾಕಬಹುದು. 2020ರಲ್ಲಿ ಫಾಕ್ಸ್ 38 ಮತ್ತು ರಾಕ್‌ಶಾಕ್ಸ್ ಝೆಬ್ ಎರಡೂ 38 ಮಿ.ಮೀ. ಕೊಳವೆಯೊಂದಿಗೆ ಬಂದ ಮೇಲೆ ಆಯ್ಕೆ ಸುಲಭವಾಗಿದೆ. ಭಾರದ ಇ-ಬೈಕುಗಳಿಗೆಂದೇ ಬಲಪಡಿಸಿದ ಫೋರ್ಕುಗಳೂ ಇವೆ. ನನ್ನ ಮತ ಅವಕ್ಕೆ, ಒಪ್ಪಿಗೆ ಪತ್ರ ಸಿಕ್ಕರೆ.

ಹಾಗಾದರೆ ಹೊಸೂರಿನ ಮೋಟರ್‌ಸೈಕಲ್ ಫೋರ್ಕನ್ನೇ ಹಾಕಿಬಿಟ್ಟರೆ? ಆಸೆ ಹುಟ್ಟುವುದು ಸಹಜ. ಟಿವಿಎಸ್ ಅಪಾಚೆ ಆರ್‌ಆರ್ 310ರ ಫೋರ್ಕಿನ ಕೊಳವೆ 41 ಮಿ.ಮೀ. ಆದರೆ ಎಂಜಿನ್ನು, ಟ್ಯಾಂಕು, ಇಬ್ಬರು ಎಲ್ಲ ಸೇರಿದ ಭಾರಕ್ಕೆಂದು ಸುತ್ತಿದ ಸ್ಪ್ರಿಂಗು 160 ಕೆ.ಜಿ.ಗೆ ಸಾಕಷ್ಟು ಬಗ್ಗುವುದಿಲ್ಲ. ಇಪ್ಪತ್ತು ಕೆ.ಜಿ.ಯ ಸೈಕಲ್ಲಿನಲ್ಲಿ ಫೋರ್ಕು ಕೂರುವ ಹೆಡ್ ಟ್ಯೂಬು ಅದನ್ನು ಹೊರಲೂ ಹುಟ್ಟಿದ್ದಲ್ಲ.

ಮೇಲೊಂದು ಕೆಳಗೊಂದು ಕ್ರೌನ್ ಇರುವ ಡಬಲ್ ಕ್ರೌನ್ ಫೋರ್ಕು ಬಿಗಿ, ನಿಜ. ಆದರೆ ಹ್ಯಾಂಡಲ್ ತಿರುಗುವ ಕೋನ ಅದರಲ್ಲಿ ಕಡಿಮೆ. ಮೊದಲೇ ಎರಡೂವರೆ ಮೀಟರ್ ಉದ್ದದ ಗಾಡಿ; ಗುಡ್ಡದ ತಿರುವಿನಲ್ಲಿ ಇಳಿದು ಎತ್ತಿ ತಿರುಗಿಸಬೇಕಾದೀತು.

 

ಫೋರ್ಕಿನ ಚಲನೆ ಜಾಸ್ತಿಯಿದ್ದಷ್ಟೂ ಒಳ್ಳೆಯದೇ? ಚಲನೆ ಹೆಚ್ಚಿ ಫೋರ್ಕು 20 ಮಿ.ಮೀ. ಉದ್ದವಾದರೆ ಒಂಟಿ ಸೈಕಲ್ಲಿನ ಹೆಡ್ ಟ್ಯೂಬಿನ ಕೋನ ಸುಮಾರು ಒಂದು ಡಿಗ್ರಿ ಒರಗುತ್ತದೆ, ಟ್ಯಾಂಡೆಮ್‌ನಲ್ಲಿ ಅರ್ಧ ಡಿಗ್ರಿಗೆ ತುಸು ಮೇಲೆ. ಕೋನದ ಮಟ್ಟಿಗೆ ಟ್ಯಾಂಡೆಮ್ ಕ್ಷಮಾಶೀಲ. ಸನ್ನೆಗೋಲು ಉದ್ದವಾದಾಗ ಕ್ರೌನಿನ ಮೇಲೆ ಬೀಳುವ ಹೊರೆ ಮಾತ್ರ ಕ್ಷಮಿಸುವುದಿಲ್ಲ. ಜಿಗಣಿ, ಆನೇಕಲ್ ಕಡೆಯ ಜಲ್ಲಿ ಮಣ್ಣಿನ ಹಾದಿಗೆ 120 ಮಿ.ಮೀ. ಧಾರಾಳ. ಅಲ್ಲಿಂದ ಬನ್ನೇರುಘಟ್ಟದ ಕಾಡಿನೊಳಗೆ ನುಗ್ಗುವ ಯೋಚನೆ ಬಿಡಿ, ಅದು ಆನೆಗಳ ಹಾದಿ.

ನೂರು ಮೀಟರ್ ಎತ್ತರದಿಂದ 160 ಕೆ.ಜಿ. ಕೆಳಗಿಳಿದರೆ ಹೊಮ್ಮುವ ಶಕ್ತಿ ಅರ್ಧ ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಗಾಳಿಯ ಎದುರೊತ್ತು ಕೊಂಚ ನುಂಗುತ್ತದೆ, ಮಿಕ್ಕಿದ್ದರಲ್ಲಿ ಬಹುಪಾಲು ಬ್ರೇಕ್ ಡಿಸ್ಕಿಗೆ. ಆದ್ದರಿಂದ 203 ಮಿ.ಮೀ. ಡಿಸ್ಕಿಗೆ ಅನುಮತಿಯಿಲ್ಲದ ಫೋರ್ಕನ್ನು ಮುಟ್ಟಲೇಬೇಡಿ.

ಇನ್ನು ಹೊಂದಿಸುವ ಕೆಲಸ. ಇಬ್ಬರೂ ಏರಿ ಕೂತಾಗ ಫೋರ್ಕು ತಾನಾಗಿ ಎಷ್ಟು ಇಳಿಯುತ್ತದೋ ಅದು ಸ್ಯಾಗ್. ಅಳೆಯಲು ಮೂರನೆಯವರು ಬೇಕು, ಸೈಕಲ್ ಹಿಡಿಯಲಿಕ್ಕೆ. ಕೊಳವೆಯ ಮೇಲಿನ ರಬ್ಬರ್ ಬಳೆಯನ್ನು ಸೀಲಿನವರೆಗೆ ಒತ್ತಿ, ಸವಾರಿಯ ಸಾಮಾನು ಸಮೇತ ಕೂತು, ಕುಲುಕದೆ ಇಳಿದು ನೋಡಿ. 120 ಮಿ.ಮೀ. ಫೋರ್ಕಿನಲ್ಲಿ 20ರಿಂದ 24 ಮಿ.ಮೀ. ಇಳಿದರೆ ಹದ.

ಸ್ಯಾಗ್ 25 ಮಿ.ಮೀ. ಇರುವ ಸಾದಾ ಸ್ಪ್ರಿಂಗು ಸೆಕೆಂಡಿಗೆ ಸುಮಾರು ಮೂರು ಸಲ ಕುಣಿಯುತ್ತದೆ, ಮೇಲೆ ಕೂತವರು ಒಬ್ಬರಿರಲಿ ಇಬ್ಬರಿರಲಿ. ತಾಳ ಒಂದೇ. ಆದರೆ ಆ ಕುಣಿತ ನಿಲ್ಲಿಸುವ ರಿಬೌಂಡ್ ಡ್ಯಾಂಪಿಂಗ್ ಎರಡು ಪಟ್ಟು ಬೇಕು. ತೊಡಕು ಇರುವುದು ಇಲ್ಲೇ: ತಿರುಪಿನ ವ್ಯಾಪ್ತಿಯನ್ನು ಕಂಪನಿ ಒಬ್ಬ ಸವಾರನಿಗೆಂದು ಅಳೆದಿಟ್ಟಿರುತ್ತದೆ. ಕೊನೆಯ ಕ್ಲಿಕ್ಕಿಗೆ ಬಂದರೂ ಫೋರ್ಕು ಚಿಮ್ಮುತ್ತಿದ್ದರೆ ಒಳಗಿನ ಎಣ್ಣೆಯನ್ನೋ ವಾಲ್ವನ್ನೋ ಬದಲಿಸಬೇಕು. ಎಣ್ಣೆ ಡಬ್ಬಿಯ ಮೇಲಿನ 5, 10 ಎಂಬ ‘ವೇಟ್’ ಅಂಕಿಗಳು ಒಂದು ಕಂಪನಿಗೂ ಇನ್ನೊಂದಕ್ಕೂ ತಾಳೆಯಾಗುವುದಿಲ್ಲ. 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ಸ್ ಎಂದು ನೋಡಿ ಕೊಳ್ಳಿ.

ಗಾಳಿ ಸ್ಪ್ರಿಂಗೋ ಉಕ್ಕಿನ ಸ್ಪ್ರಿಂಗೋ? ದುಪ್ಪಟ್ಟು ಭಾರಕ್ಕೆ ಗಾಳಿಯ ಒತ್ತಡವೂ ದುಪ್ಪಟ್ಟಾಗಬೇಕು, ಫೋರ್ಕಿನ ಗರಿಷ್ಠ ಮಿತಿ ಅಲ್ಲಿ ಅಡ್ಡ ಬರಬಹುದು. ಒತ್ತಡ ಏರಿದಂತೆ ಸೀಲಿನ ಬಿಗಿತವೂ ಏರಿ ಸಣ್ಣ ಕಲ್ಲುಗಳು ನೇರ ಅಂಗೈಗೆ ಬರುತ್ತವೆ. ಉಕ್ಕು ಭಾರ, ಆದರೆ ಇಂಥ ತಕರಾರು ಇಲ್ಲ. ಟ್ಯಾಂಡೆಮ್‌ನಲ್ಲಿ ಅರ್ಧ ಕೆ.ಜಿ.ಯ ಲೆಕ್ಕ ಯಾರಿಗೆ ಬೇಕು?

ಮಂಗಳೂರಿನಲ್ಲಿ 100 ಪಿಎಸ್‌ಐ ತುಂಬಿದ ಫೋರ್ಕು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅಷ್ಟೇ ಬಿಸಿಯಿರುವಾಗ 101.5 ತೋರಿಸುತ್ತದೆ. ಮುಂಜಾನೆಯ 20 ಡಿಗ್ರಿಯಲ್ಲಿ ತುಂಬಿ ಮಧ್ಯಾಹ್ನ 35ರ ಬಿಸಿಲಿಗೆ ನಿಲ್ಲಿಸಿದರೆ ಆರು ಪಿಎಸ್‌ಐ ಏರುತ್ತದೆ. ಘಟ್ಟಕ್ಕಿಂತ ಬಿಸಿಲಿನ ಬಗ್ಗೆ ಯೋಚಿಸಿ.

ಶಾಕ್ ಪಂಪ್ ಬಿಚ್ಚುವಾಗ ‘ಸುಸ್ಸ್’ ಎನ್ನುವುದು ಫೋರ್ಕಿನ ಗಾಳಿಯಲ್ಲ, ಪಂಪಿನ ಕೊಳವೆಯದು. ಮತ್ತೆ ಜೋಡಿಸಿದಾಗ ಮುಳ್ಳು ಕೆಳಗಿರುತ್ತದೆ, ಏಕೆಂದರೆ ಆ ಕೊಳವೆ ತುಂಬಿದ್ದು ಫೋರ್ಕಿನ ಗಾಳಿಯಿಂದ. ಲೀಕ್ ಎಂದು ಗಾಬರಿ ಬೇಡ.

ಐವತ್ತು ಗಂಟೆ ಓಡಿದ ಮೇಲೆ ಫೋರ್ಕಿನ ಕೆಳಗಿನ ಕಾಲುಗಳನ್ನು ಬಿಚ್ಚಿ ತೊಳೆದು ಎಣ್ಣೆ ಬದಲಿಸಿ ಎನ್ನುವುದು ರಾಕ್‌ಶಾಕ್ಸ್ ಸಲಹೆ. ಆನೇಕಲ್ಲಿನ ಕೆಂಪು ಧೂಳಿಗೆ, ಮಳೆಗಾಲದ ಕೆಸರಿಗೆ ಅದಕ್ಕೂ ಮೊದಲೇ ಮಾಡುವುದು ಲೇಸು.

ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ. ಹ್ಯಾಂಡಲ್ ತಿರುಗಿಸುವ ಹೆಡ್‌ಸೆಟ್ ಬಿಗಿಯಿದ್ದರೂ ಕ್ರೌನಿನ ಕಡೆಯಿಂದ ‘ಕಿರ್’ ಎಂದರೆ ಗ್ರೀಸ್ ಹಚ್ಚಿ ಪ್ರಯೋಜನವಿಲ್ಲ. ಅಲ್ಲಿ ಕೊಳವೆಗಳಿಗೆ ಬೋಲ್ಟು ಹಾಕಿರುವುದಿಲ್ಲ, ಅವನ್ನು ಒತ್ತಿ ಕೂರಿಸಿರುತ್ತಾರೆ. ಆ ಹಿಡಿತ ಸಡಿಲವಾದರೆ ಕ್ರೌನು, ಹ್ಯಾಂಡಲ್ಲಿಗೆ ಸೇರುವ ಸ್ಟೀಯರರ್, ಕೊಳವೆಗಳು ಸೇರಿದ ಇಡೀ ಭಾಗವನ್ನೇ ಬದಲಿಸಬೇಕು.