ಅಪ್ಪಯ್ಯನ ಪಕ್ಕ ಅಮ್ಮ

ಡೊಂಬಿವಲಿಯ ನಮ್ಮ ಸ್ಟುಡಿಯೋಕ್ಕೆ ಫೋಟೋ ಕೂಡಿಸಿಕೊಳ್ಳಲು ಬರುವವರಲ್ಲಿ ಕರಾವಳಿಯವರೇ ಹೆಚ್ಚು. ಅಪ್ಪ ಮುಂಬಯಿಯ ಹೋಟೆಲಿನಲ್ಲಿ ದುಡಿದರು, ಅಮ್ಮ ಊರಲ್ಲಿ ಗದ್ದೆ, ಮಕ್ಕಳನ್ನು ನೋಡಿಕೊಂಡರು. ಇಬ್ಬರೂ ಒಂದೇ ಕ್ಯಾಮೆರಾದ ಮುಂದೆ ನಿಲ್ಲುವ ಹೊತ್ತು ಬರಲೇ ಇಲ್ಲ. ಇಬ್ಬರೂ ಹೋದ ಮೇಲೆ ಮಕ್ಕಳಿಗೆ ಅದು ನೆನಪಾಗುತ್ತದೆ.

“ಅಪ್ಪಯ್ಯನ ಪಕ್ಕ ಅಮ್ಮನ್ನ ಕೂರ್ಸಿ ಕೊಡಿ ಮಾರಾಯ್ರೆ,” ಎಂದು ಕುಂದಾಪುರ ಕಡೆಯವರೊಬ್ಬರು ಎರಡು ಫೋಟೋ ಮೇಜಿನ ಮೇಲಿಟ್ಟರು. ಅಪ್ಪನದು ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪು ಬಿಳುಪು ಚಿತ್ರ, ಬೆಳಕು ಬಲಗಡೆಯಿಂದ. ಅಮ್ಮನದು ಮನೆಯಂಗಳದ ಬಣ್ಣದ ಚಿತ್ರ, ಬಿಸಿಲು ಎಡಗಡೆಯಿಂದ.

ಕೂಡಿಸುವ ಕ್ರಮ ಕಷ್ಟದ್ದಲ್ಲ. 1990ರಲ್ಲಿ ಬಂದ ಫೋಟೋಶಾಪ್‌ಗೆ 1994ರ ಮೂರನೇ ಆವೃತ್ತಿಯಲ್ಲಿ ಲೇಯರ್‌ ಸೇರಿತು. ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳಂತೆ ಪ್ರತಿ ಫೋಟೋ ತನ್ನದೇ ಪದರದಲ್ಲಿರುತ್ತದೆ. ಒಂದನ್ನು ಸರಿಸಿದರೆ ಇನ್ನೊಂದು ಅಲುಗುವುದಿಲ್ಲ. ಬೇಡದ ಭಾಗವನ್ನು ಅಳಿಸುವುದೂ ಬೇಡ, ಮಾಸ್ಕ್ ಹಾಕಿದರಾಯಿತು. ಮಾಸ್ಕಿನ ಮೇಲೆ ಕಪ್ಪು ಬಣ್ಣ ಎಳೆದಲ್ಲಿ ಚಿತ್ರ ಮರೆಯಾಗುತ್ತದೆ, ಬಿಳಿ ಎಳೆದರೆ ಮರಳುತ್ತದೆ. ಹಣೆಯ ಕೂದಲಿನ ಅಂಚಿಗೆ ಮೆತ್ತನೆಯ ಬ್ರಷ್ ಬೇಕು. ದುಡ್ಡು ಕೊಡದೆ ಸಿಗುವ ಗಿಂಪ್‌ನಲ್ಲೂ ಇದಿಷ್ಟೂ ಆಗುತ್ತದೆ.

ಕಷ್ಟವೆಲ್ಲ ಬೆಳಕಿನದು. ಅಮ್ಮನ ಚಿತ್ರವನ್ನು ಎಡಬಲ ತಿರುಗಿಸಿದರೆ ನೆರಳೇನೋ ಹೊಂದುತ್ತದೆ, ಆದರೆ ಎಡ ಹೆಗಲ ಸೆರಗು ಬಲಕ್ಕೆ ಹೋಗುತ್ತದೆ, ಬೈತಲೆಯ ಓರೆ ಬದಲಾಗುತ್ತದೆ. ಬೇರೆಯವರಿಗೆ ತಿಳಿಯದಿರಬಹುದು, ಮಕ್ಕಳಿಗೆ ಮಾತ್ರ ಇದು ಅಮ್ಮನಲ್ಲ ಅನಿಸಿಬಿಡುತ್ತದೆ. ಹಾಗಾಗಿ ನಾನು ತಿರುಗಿಸಲಿಲ್ಲ. ಮೊದಲು ಕಪ್ಪು ಬಿಳುಪು ಮಾಡಿದೆ. ಬಲಗೆನ್ನೆಯ ನೆರಳನ್ನು ಡಾಡ್ಜ್‌ನಿಂದ ತುಸುತುಸುವೇ ತಿಳಿಮಾಡಿ, ಎಡಗೆನ್ನೆಯನ್ನು ಬರ್ನ್‌ನಿಂದ ಮಬ್ಬಾಗಿಸಿದೆ. ಅಪ್ಪನ ಹಳೆಯ ಫೋಟೋದಲ್ಲಿದ್ದ ತರಿತರಿಯನ್ನು ಅಮ್ಮನ ಮುಖಕ್ಕೂ ಸೇರಿಸಿದೆ. ಕೊನೆಗೆ ಅಪ್ಪನ ತೋಳಿನ ಸಣ್ಣ ನೆರಳೊಂದನ್ನು ಅಮ್ಮನ ಸೀರೆಯ ಮೇಲೆ ಬೀಳಿಸಿದೆ. ಆ ನೆರಳು ಬಿದ್ದ ಮೇಲೆಯೇ ಇಬ್ಬರೂ ಒಟ್ಟಿಗೆ ಕೂತಂತಾಗಿದ್ದು.

ಈ ಕಸುಬು ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಹೆನ್ರಿ ಪೀಚ್ ರಾಬಿನ್ಸನ್ 1858ರಲ್ಲೇ ಐದು ನೆಗೆಟಿವ್‌ಗಳಿಂದ ಒಂದು ಚಿತ್ರ ಮಾಡಿದ್ದರು. ನಮ್ಮ ಮುಂಬಯಿಯಲ್ಲೇ ಸ್ಟುಡಿಯೋ ನಡೆಸುತ್ತಿದ್ದ ವಿಲಿಯಂ ಜಾನ್ಸನ್, ಇಲ್ಲಿನ ಸಮುದಾಯಗಳ ಕುರಿತ ‘ದಿ ಓರಿಯಂಟಲ್ ರೇಸಸ್ ಅಂಡ್ ಟ್ರೈಬ್ಸ್, ರೆಸಿಡೆಂಟ್ಸ್ ಅಂಡ್ ವಿಸಿಟರ್ಸ್ ಆಫ್ ಬಾಂಬೆ’ ಎಂಬ ಪುಸ್ತಕವನ್ನು 1863 ಮತ್ತು 1866ರಲ್ಲಿ ಎರಡು ಸಂಪುಟಗಳಾಗಿ ತಂದರು. ಜನರನ್ನು ಒಂದು ಕಡೆ ಕೂರಿಸಿ ತೆಗೆದ ಚಿತ್ರಕ್ಕೆ ಬೇರೆಲ್ಲೋ ತೆಗೆದ ಹಿನ್ನೆಲೆಯನ್ನು ಕೂಡಿಸಿದ ಪುಟಗಳು ಅದರಲ್ಲಿವೆ. ಆ ಕೈಚಳಕಕ್ಕೆ ನಾನು ತಲೆಬಾಗುತ್ತೇನೆ. ಆದರೆ ಚಿತ್ರಗಳ ಕೆಳಗಿರುವುದು ಜಾತಿ, ಪಂಗಡಗಳ ಹೆಸರು. ಕೂತ ಹೆಂಗಸು ಯಾರು, ಆ ಹಿನ್ನೆಲೆಯ ಜಾಗವನ್ನು ಅವಳು ಕಂಡಿದ್ದಳೇ ಎನ್ನುವುದು ನೋಡುವವರಿಗೆ ತಿಳಿಯದು. ಕೂಡಿಸಿದ ಚಿತ್ರ ಇಲ್ಲದ ಸಂಗತಿಯನ್ನು ನಡೆದದ್ದೆಂದು ನಂಬಿಸಬಲ್ಲದು. ನನಗೆ ಅಂಜಿಕೆ ಇರುವುದು ಅಲ್ಲೇ.

ಅದಕ್ಕೇ ಪ್ರಿಂಟಿನ ಬೆನ್ನಿಗೆ ಇಬ್ಬರ ಹೆಸರು ಬರೆದು, ‘ಎರಡು ಫೋಟೋ ಕೂಡಿಸಿದ್ದು’ ಎಂದೂ ಬರೆಯುತ್ತೇನೆ. ಮೊಮ್ಮಕ್ಕಳು ಫ್ರೇಮ್ ಬಿಚ್ಚಿದಾಗ ಅದು ಸಿಗಲಿ. ಮೂಲ ಫೋಟೋಗಳ ಸ್ಕ್ಯಾನ್ ಮತ್ತು ಲೇಯರ್ ಉಳಿಸಿದ ಪಿಎಸ್‌ಡಿ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಕೊಡುತ್ತೇನೆ. ಬರೀ ಜೆಪೆಗ್ ಇಟ್ಟುಕೊಂಡರೆ ಪದರಗಳೆಲ್ಲ ಒಂದಾಗಿಬಿಟ್ಟಿರುತ್ತವೆ, ಆಮೇಲೆ ಇಬ್ಬರನ್ನೂ ಬಿಡಿಸಿ ತೆಗೆಯಲು ಬರುವುದಿಲ್ಲ.