ಎದೆನೋವಿನ ಮಾತ್ರೆ ಬಸುರಿಗೇಕೆ?

(ನಮ್ಮ ವರದಿಗಾರರಿಂದ)

ಹಾಸನ: "ಇದು ನಿಮ್ಮ ಮಾವನೋರು ಎದೆನೋವಿಗೆ ನುಂಗೋ ಮಾತ್ರೆ ಅಲ್ವೇನವ್ವ? ಹೊಟ್ಟೇಲಿ ಕೂಸು ಇಟ್ಕೊಂಡು ಯಾರಾದ್ರೂ ಇದನ್ನ ನುಂಗ್ತಾರಾ?"

ಹೊಳೆನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅತ್ತೆ ಸೊಸೆಯನ್ನು ಕೇಳಿದ ಮಾತಿದು. ಸೊಸೆ ಬೇರೆ ಯಾರೂ ಅಲ್ಲ, ಈ ವರದಿಗಾರನ ಒಡಹುಟ್ಟಿದ ತಂಗಿ. ಮದುವೆಯಾಗಿ ಎಂಟು ವರ್ಷ ಮಡಿಲು ತುಂಬಿರಲಿಲ್ಲ. ಹರಕೆ ಆಯಿತು, ನಾಟಿ ಔಷಧಿ ಆಯಿತು, ಕೊನೆಗೆ ಸಾಲ ಮಾಡಿ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಐ.ವಿ.ಎಫ್. ಮಾಡಿಸಿದ ಮೇಲೆ ಬಸಿರು ನಿಂತಿತು. ಮೂರು ತಿಂಗಳು ತುಂಬುವ ಹೊತ್ತಿಗೆ ಅಲ್ಲಿನ ಡಾಕ್ಟರು 'ರಾತ್ರಿ ಒಂದು' ಎಂದು ಸಣ್ಣ ಮಾತ್ರೆಯೊಂದನ್ನು ಬರೆದುಕೊಟ್ಟರು. ಅದೇ ಆಸ್ಪಿರಿನ್. ಮೆಡಿಕಲ್ ಸ್ಟೋರಿನಲ್ಲಿ ಇಕೋಸ್ಪ್ರಿನ್ ಎಂದರೆ ಥಟ್ಟನೆ ಕೊಡುತ್ತಾರೆ.

ಅತ್ತೆಯನ್ನು ದೂರುವ ಹಾಗಿಲ್ಲ. ನಮ್ಮ ಜಿಲ್ಲೆಯಲ್ಲಿ ಈ ಮಾತ್ರೆ ಕಾಣದ ಮನೆ ಕಮ್ಮಿ. 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಹಬ್ಬಿ, ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಬೆಳಗಾಗುವ ಮೊದಲೇ ಸಾಲು ನಿಂತದ್ದನ್ನು ಯಾರು ಮರೆತಾರು? 'ರಕ್ತ ತೆಳ್ಳಗೆ ಮಾಡುವ ಮಾತ್ರೆ' ಎಂದರೆ ಹಾರ್ಟಿನದ್ದು ಎಂದೇ ಜನರ ಲೆಕ್ಕ. ಬಸುರಿಗೆ ರಕ್ತಸ್ರಾವ ಆದೀತೆಂದು ಹೆದರಿ ಅತ್ತೆ ಮಾತ್ರೆ ಎತ್ತಿಟ್ಟರು. ತಂಗಿ ಎದುರಾಡಲಿಲ್ಲ. ಮೂರು ವಾರ ಮಾತ್ರೆ ನಿಂತೇ ಹೋಯಿತು.

ಹಾಗಾದರೆ ಡಾಕ್ಟರು ಬರೆದದ್ದು ಯಾಕೆ?

ನಾಲೆ ಅಗಲವಾಗಬೇಕು

ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ನನ್ನಂಥವನಿಗೆ ತಿಳಿದ ಹಾಗೆ ಹೇಳುತ್ತೇನೆ. ಬಸಿರಿನ ಮೊದಲ ನಾಲ್ಕೈದು ತಿಂಗಳಲ್ಲಿ ಮಾಸು ಗರ್ಭಕೋಶದ ಗೋಡೆಗೆ ಬೇರು ಬಿಡುತ್ತದೆ. ಆಗ ತಾಯಿಯ ಸಣ್ಣ ರಕ್ತನಾಳಗಳು ಹಿಗ್ಗಿ ಅಗಲವಾಗಬೇಕು. ಹೇಮಾವತಿ ನಾಲೆ ಇದ್ದ ಹಾಗೆ ಅಂದುಕೊಳ್ಳಿ. ನಾಲೆ ಕಿರಿದಾದರೆ ಕೊನೆಯ ಗದ್ದೆಗೆ ನೀರು ಸಾಲದು. ಹಾಗೆಯೇ ನಾಳಗಳು ಹಿಗ್ಗದಿದ್ದರೆ ಮಗುವಿಗೆ ರಕ್ತ ಸಾಲದು, ಬೆಳವಣಿಗೆ ಕುಂಠಿತ. ಕೆಟ್ಟ ಮಾಸು ತಾಯಿಯ ಮೈಯನ್ನೂ ಕೆಡಿಸಿ ಬಿ.ಪಿ. ಏರಿಸುತ್ತದೆ.

ಡಾಕ್ಟರುಗಳು ಇದನ್ನು ಪ್ರಿ-ಎಕ್ಲಾಂಪ್ಸಿಯಾ ಎನ್ನುತ್ತಾರೆ. ಐದು ತಿಂಗಳು ಕಳೆದ ಮೇಲೆ ಬಿ.ಪಿ. 140/90 ಮುಟ್ಟುವುದು, ಮೂತ್ರದಲ್ಲಿ ಪ್ರೋಟೀನ್ ಹೋಗುವುದು ಇದರ ಗುರುತು. ಕೆಲವರಿಗೆ ಲಿವರ್, ಕಿಡ್ನಿ ಕೆಡುತ್ತವೆ. ಮುಂದುವರಿದರೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರ ಜೀವಕ್ಕೂ ಸಂಚಕಾರ. ಮಗುವನ್ನು ಹೊರಗೆ ತೆಗೆಯುವುದೊಂದೇ ಇದಕ್ಕೆ ಕಡೆಯ ಮದ್ದು. ದಿನ ತುಂಬಿರಲಿ, ಬಿಡಲಿ.

ಐ.ವಿ.ಎಫ್. ಬಸಿರಿನಲ್ಲಿ ಈ ತೊಂದರೆ ಮಾಮೂಲಿ ಬಸಿರಿಗಿಂತ ಹೆಚ್ಚು. ಅವಳಿ ಮಕ್ಕಳಾದರೆ ಇನ್ನೂ ಹೆಚ್ಚು. ಬೇರೊಬ್ಬರ ಅಂಡಾಣು ಪಡೆದವರಿಗೆ, ಶೈತ್ಯದಲ್ಲಿಟ್ಟ ಭ್ರೂಣ ಇರಿಸಿಕೊಂಡವರಿಗೂ ಅಪಾಯ ಜಾಸ್ತಿ. ವಯಸ್ಸು 35 ದಾಟಿದ್ದರೆ ಅದೂ ಸೇರಿತು.

ಆಸ್ಪಿರಿನ್ ಕಡಿಮೆ ಪ್ರಮಾಣದಲ್ಲಿ ಹೋದರೆ ರಕ್ತದ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನೂ, ನಾಳಗಳು ಬಿಗಿಯುವುದನ್ನೂ ತಗ್ಗಿಸುತ್ತದೆ. ಮಾಸು ಬೇರು ಬಿಡುವ ಕಾಲದಲ್ಲೇ ಶುರುವಾದರೆ ಉಪಯೋಗ. ಅದಕ್ಕೇ 12 ವಾರದ ಮೇಲೆ, ಆದಷ್ಟೂ 16 ವಾರದೊಳಗೆ ಶುರು ಮಾಡುತ್ತಾರೆ. ಏಳನೇ ತಿಂಗಳಲ್ಲಿ ಬಿ.ಪಿ. ಬಂದ ಮೇಲೆ ನುಂಗಿದರೆ ಅದನ್ನು ಇಳಿಸುವ ಶಕ್ತಿ ಈ ಮಾತ್ರೆಗಿಲ್ಲ.

ಬೆಳಗಾವಿಯ ಲೆಕ್ಕ

ಇದು ನಿನ್ನೆ ಮೊನ್ನೆ ಹುಟ್ಟಿದ ಮಾತಲ್ಲ. ಆಸ್ಪಿರಿನ್ ನುಂಗಿದ ಬಸುರಿಯರಲ್ಲಿ ಈ ತೊಂದರೆ ಕಮ್ಮಿ ಎಂದು ಇಂಗ್ಲೆಂಡಿನ ಡಾಕ್ಟರುಗಳು 1979ರಲ್ಲೇ ಬರೆದಿದ್ದರು. 2017ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ, ಅಪಾಯ ಹೆಚ್ಚಿದ್ದ ಬಸುರಿಯರಿಗೆ ರಾತ್ರಿ ಹೊತ್ತು 150 ಮಿಲಿಗ್ರಾಂ ಕೊಟ್ಟರು. 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗುವಂಥ ಪ್ರಿ-ಎಕ್ಲಾಂಪ್ಸಿಯಾ ನೂರಕ್ಕೆ 4.3 ಇದ್ದದ್ದು 1.6ಕ್ಕೆ ಇಳಿಯಿತು.

ವಿಲಾಯಿತಿ ಹೆಂಗಸರ ಲೆಕ್ಕ ನಮಗ್ಯಾಕೆ ಸ್ವಾಮಿ ಅನ್ನುವವರಿಗೆ ನಮ್ಮ ರಾಜ್ಯದ್ದೇ ಲೆಕ್ಕ ಇದೆ. ಆರು ದೇಶಗಳಲ್ಲಿ 11,976 ಚೊಚ್ಚಲ ಬಸುರಿಯರ ಮೇಲೆ ನಡೆದ ಪರೀಕ್ಷೆಯಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜೂ ಒಂದು ಕೇಂದ್ರ. ಅರ್ಧ ಜನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್, ಉಳಿದರ್ಧಕ್ಕೆ ನೋಡಲು ಹಾಗೇ ಇರುವ ಔಷಧಿಯಿಲ್ಲದ ಮಾತ್ರೆ. ಇವರು ಐ.ವಿ.ಎಫ್. ತಾಯಂದಿರೆಂದು ಆರಿಸಿದವರಲ್ಲ, ಸಾಮಾನ್ಯ ಮನೆಗಳ ಹೆಣ್ಣುಮಕ್ಕಳು. 2020ರಲ್ಲಿ ಫಲಿತಾಂಶ ಬಂತು. ದಿನ ತುಂಬದ ಹೆರಿಗೆ ನೂರಕ್ಕೆ 13.1 ಇದ್ದದ್ದು 11.6 ಆಯಿತು. ಅಂದರೆ ಸಾವಿರ ತಾಯಂದಿರಲ್ಲಿ 15 ಮಂದಿಯ ಮಕ್ಕಳು ಅವಧಿಗೆ ಮೊದಲೇ ಹುಟ್ಟುವುದು ತಪ್ಪಿತು. ಶಿಶು ಮರಣವೂ ಇಳಿಯಿತು. ಆದರೆ ಒಟ್ಟು ಬಿ.ಪಿ. ಬಂದವರ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಬಿ.ಪಿ. ಬೇಗ ಬಂದು 34 ವಾರಕ್ಕೆ ಮೊದಲೇ ಹೆರಿಗೆ ಆಗುವುದು ಮಾತ್ರ ಕಮ್ಮಿಯಾಯಿತು. ಏಳೆಂಟು ತಿಂಗಳಿಗೆ ಹುಟ್ಟಿದ ಮಗುವಿನ ಪಾಡು ಕಂಡವರಿಗೆ ಆ ನಾಲ್ಕು ವಾರದ ಬೆಲೆ ಗೊತ್ತು.

ಮಗು ನಿಲ್ಲಿಸುವ ಮಾತ್ರೆಯಲ್ಲ

ಇನ್ನೊಂದು ಕಡೆಯ ತಪ್ಪೂ ಇದೆ. 'ಅವಳಿಗೆ ಈ ಮಾತ್ರೆ ತಗೊಂಡ ಮೇಲೇ ನಿಂತಿದ್ದು' ಎಂದು ಪಕ್ಕದ ಮನೆಯವರು ಹೇಳಿದ್ದೇ ತಡ, ಚೀಟಿಯಿಲ್ಲದೆ ಕೊಂಡು ನುಂಗುವವರು. ಐ.ವಿ.ಎಫ್. ಮಾಡಿಸಿಕೊಂಡವರಿಗೆಲ್ಲ ಆಸ್ಪಿರಿನ್ ಕೊಟ್ಟರೆ ಬಸಿರು ನಿಲ್ಲುವ ಸಂಭವ ಹೆಚ್ಚುತ್ತದೆ ಎನ್ನುವುದಕ್ಕೆ ಆಧಾರ ಸಿಕ್ಕಿಲ್ಲ ಎಂದು 2016ರಲ್ಲಿ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದವರು ಬರೆದಿದ್ದಾರೆ. ಇದು ತಾಯತವಲ್ಲ.

ಎಲ್ಲರಿಗೂ ಆಗುವ ಮಾತ್ರೆಯೂ ಅಲ್ಲ. ಆಸ್ಪಿರಿನ್ ಒಗ್ಗದವರು, ನುಂಗಿದರೆ ಉಬ್ಬಸ ಬರುವವರು, ಹೊಟ್ಟೆಯಲ್ಲಿ ಹುಣ್ಣಿರುವವರು, ರಕ್ತಸ್ರಾವದ ಕಾಯಿಲೆಯವರು ಮೊದಲೇ ಡಾಕ್ಟರಿಗೆ ತಿಳಿಸಬೇಕು. ಹೆರಿಗೆ ಹೊತ್ತಿನಲ್ಲಿ ರಕ್ತ ಹೋಗುವುದು ತುಸು ಹೆಚ್ಚಾಗಬಹುದು ಎಂದು ಕಂಡಿರುವುದರಿಂದ 36ನೇ ವಾರದ ಸುಮಾರಿಗೆ ನಿಲ್ಲಿಸಲು ಹೇಳುವ ಡಾಕ್ಟರುಗಳು ಬಹಳ. 75 ಸಾಕೋ 150 ಬೇಕೋ, ಯಾವಾಗ ಶುರು, ಯಾವಾಗ ನಿಲ್ಲಿಸುವುದು, ಎಲ್ಲಾ ಅವರೇ ಹೇಳಬೇಕು. ಅತ್ತೆಯೂ ಅಲ್ಲ, ನೆರೆಮನೆಯವರೂ ಅಲ್ಲ, ಪತ್ರಿಕೆಯವನಂತೂ ಅಲ್ಲವೇ ಅಲ್ಲ.

ಮುಚ್ಚಿಟ್ಟರೆ ಕೇಡು

ನಮ್ಮ ಕಡೆಯ ನಿಜವಾದ ತೊಡಕು ಬೇರೆ ಇದೆ. ಚನ್ನರಾಯಪಟ್ಟಣದವರು ಬಸ್ಸು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ. ಹೊಳೆನರಸೀಪುರದವರು ರೈಲು ಹಿಡಿದು ಮೈಸೂರಿಗೆ. ಅರಕಲಗೂಡಿನವರಿಗೆ ರೈಲಿಲ್ಲ, ಬಸ್ಸೇ ಗತಿ. ಚಿಕಿತ್ಸೆ ಅಲ್ಲಿ, ಫೈಲು ಅಲ್ಲಿ. ಬಸಿರು ನಿಂತ ಮೇಲೆ ಊರಿಗೆ ಬರುತ್ತಾರೆ. ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗಬಾರದೆಂದು ತಾಲ್ಲೂಕು ಆಸ್ಪತ್ರೆಯಲ್ಲೇ ತಾಯಿ ಕಾರ್ಡು ಮಾಡಿಸುತ್ತಾರೆ. ಆದರೆ ಐ.ವಿ.ಎಫ್. ಮಾಡಿಸಿದ ಸಂಗತಿ ಮಾತ್ರ ಬಾಯಿ ಬಿಡುವುದಿಲ್ಲ. 'ಊರಿಗೆಲ್ಲ ಗೊತ್ತಾಗುತ್ತೆ, ಮಗೂನ ಏನೇನೋ ಅಂತಾರೆ' ಅನ್ನುವ ಅಂಜಿಕೆ.

ನಮ್ಮ ಮನೆಯಲ್ಲೂ ಆದದ್ದು ಇದೇ. ಇಲ್ಲಿನ ಡಾಕ್ಟರಿಗೆ ಚಿಕಿತ್ಸೆಯೂ ಗೊತ್ತಿಲ್ಲ, ಮಾತ್ರೆ ನಿಂತದ್ದೂ ಗೊತ್ತಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದು "ಯಾವ್ಯಾವ ಮಾತ್ರೆ ತಗೊಳ್ತಿದ್ದೀಯಮ್ಮ, ತೋರ್ಸು" ಎಂದಾಗಲೇ ವಿಷಯ ಹೊರಬಿದ್ದದ್ದು. ಮಾರನೇ ದಿನ ಡಾಕ್ಟರ ಮುಂದೆ ಅತ್ತೆ, ಸೊಸೆ ಇಬ್ಬರೂ ಕೂತರು. ಕಾರಣ ತಿಳಿದ ಮೇಲೆ ಅತ್ತೆಯೇ ದಿನಾ ರಾತ್ರಿ ಊಟವಾದ ಮೇಲೆ ನೀರಿನ ಲೋಟದ ಜೊತೆ ಮಾತ್ರೆ ತಂದು ಕೊಡತೊಡಗಿದರು.

ಆದರೂ ಎಂಟನೇ ತಿಂಗಳಲ್ಲಿ ಬಿ.ಪಿ. ಏರಿತು. ಹಾಸನಕ್ಕೆ ತಂದು ಸೇರಿಸಿದೆವು. 36 ವಾರಕ್ಕೆ ಹೆಣ್ಣುಮಗು, ಎರಡು ಕಿಲೋ ಇನ್ನೂರು ಗ್ರಾಂ. ಈಗ ಅಂಗಳದ ತುಂಬ ಓಡಾಡುತ್ತಾಳೆ. ಮೂರು ವಾರ ಮಾತ್ರೆ ಬಿಟ್ಟದ್ದರಿಂದಲೇ ಬಿ.ಪಿ. ಬಂತು ಎಂದಾಗಲಿ, ಮತ್ತೆ ನುಂಗಿದ್ದರಿಂದಲೇ ಮಗು ಉಳಿಯಿತು ಎಂದಾಗಲಿ ಹೇಳಲು ಬರುವುದಿಲ್ಲ. ಬಿ.ಪಿ. ಏರಿದ್ದು ಗೊತ್ತಾದದ್ದು ಮಾತ್ರ, ಇಂಥ ಬಸುರಿ ಇವಳು ಎಂದು ಡಾಕ್ಟರಿಗೆ ತಿಳಿದು, ವಾರ ವಾರ ನೋಡತೊಡಗಿದ ಮೇಲೆ. ಇದನ್ನು ಧೈರ್ಯವಾಗಿ ಹೇಳಬಲ್ಲೆ.

ಆದ್ದರಿಂದ ಐ.ವಿ.ಎಫ್. ಆದವರು ಊರಿಗೆ ಡಂಗುರ ಸಾರಬೇಕಿಲ್ಲ. ಹೆರಿಗೆ ಮಾಡಿಸುವ ಡಾಕ್ಟರಿಗೆ ಮಾತ್ರ ಮುಚ್ಚಿಡಬೇಡಿ. ಹಳೇ ಚೀಟಿಗಳನ್ನು ತಾಯಿ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಪುಕ್ಕಟೆ ತಪಾಸಣೆ ಇರುತ್ತದೆ. ಮೂರು ತಿಂಗಳು ತುಂಬುತ್ತಿದ್ದ ಹಾಗೇ ಹೋಗಿ 'ಈ ಮಾತ್ರೆ ನನಗೆ ಬೇಕಾ' ಎಂದು ಕೇಳಿ. ಕೇಳಿದರೆ ಕಳೆದುಕೊಳ್ಳುವುದೇನೂ ಇಲ್ಲ.

ಅಂಗಡಿಯವರಿಗೊಂದು ಮಾತು

ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ತಲೆನೋವಿನ ಮಾತ್ರೆ ಬೀಡಿ, ಬೆಂಕಿಪೊಟ್ಟಣದ ಜೊತೆಗೇ ಬಿಡಿಯಾಗಿ ಸಿಗುತ್ತದೆ. ಡಿಸ್ಪ್ರಿನ್‌ನಲ್ಲಿ ಇರುವುದೂ ಆಸ್ಪಿರಿನ್ನೇ, ಆದರೆ 350 ಮಿಲಿಗ್ರಾಂ. ಡಾಕ್ಟರು ಬಸುರಿಗೆ ಬರೆಯುವ 75ರ ನಾಲ್ಕೂವರೆ ಪಟ್ಟಿಗೂ ಮೇಲೆ. ಅದಕ್ಕೆ ಇದು ಬದಲಿಯಲ್ಲ.

ಅದಕ್ಕಿಂತ ಮುಖ್ಯವಾದದ್ದು, ಬಸುರಿಗೆ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗುಂಡಿಗೆ ಕೆಳಗೆ ನೋವು, ಮುಖ ಕೈ ಊದುವುದು ಬಿ.ಪಿ. ಏರಿದ ಸೂಚನೆ ಇರಬಹುದು. ಅಂಥವಳು ನಿಮ್ಮ ಅಂಗಡಿ ಮುಂದೆ ನಿಂತು ತಲೆನೋವಿನ ಮಾತ್ರೆ ಕೇಳಿದರೆ ಒಂದು ಮಾತ್ರೆಯ ವ್ಯಾಪಾರ ಬಿಟ್ಟುಬಿಡಿ. "ಬಿ.ಪಿ. ತೋರಿಸಿದ್ಯೇನಮ್ಮ?" ಎಂದು ಕೇಳಿ ಆಸ್ಪತ್ರೆ ದಾರಿ ತೋರಿಸಿ. ಅಷ್ಟು ದೂರ ನಡೆಯಲಾರಳು ಅನಿಸಿದರೆ ನೀವೇ 108ಕ್ಕೆ ಫೋನ್ ಮಾಡಿ.