ಚಿಟ್ಟೆಗೆ ಬೇಕಾದುದು ಹೂವೊಂದೇ ಅಲ್ಲ

ಸರಗೂರಿನ ಮಗ್ಗುಲಲ್ಲಿ ಕಪಿಲೆಯು ಹರಿಯುತ್ತಾಳೆ. ಈ ಸೀಮೆಯ ಹೊಲಗಳು ಮುಗಿದಲ್ಲಿ ಕುರುಚಲು ಕಾಡೂ, ಅದರಾಚೆ ಬಂಡೀಪುರದ ಅಡವಿಯೂ ಮೊದಲಾಗುವುವು. ಆ ಅಡವಿಯ ಹೆಸರೆತ್ತಿದೊಡನೆ ನಾವು ಆನೆ ಹುಲಿಗಳನ್ನೇ ನೆನೆಯುವೆವು. ಅದರ ಅಂಚಿನ ಬೇಲಿಗಳಲ್ಲಿ ಬಾಳುವ ಚಿಟ್ಟೆಗಳ ಸಂಗತಿಯೂ ವಾಚಕರು ತಿಳಿಯತಕ್ಕದ್ದಾಗಿದೆ.

ಹೂವಿದ್ದರೆ ಚಿಟ್ಟೆಯಿರುವುದೆಂದು ನಾವು ಭಾವಿಸುವುದುಂಟು. ಹೂವು ಬೆಳೆದ ಚಿಟ್ಟೆಗೆ ಪಾನಶಾಲೆ ಮಾತ್ರ. ಅದರ ಮರಿಹುಳುವಿಗೆ ಬೇಕಾದುದು ಎಲೆ, ಅದೂ ತನ್ನ ಜಾತಿಗೆ ಒಗ್ಗಿದ ಎಲೆ. ಎಕ್ಕದೆಲೆಯನ್ನು ತಿನ್ನುವ ಹುಳುವು ಅದರ ವಿಷವನ್ನೇ ಮೈಗೂಡಿಸಿಕೊಂಡು, ಹಕ್ಕಿಗಳು ಮುಟ್ಟಲೊಲ್ಲದ ಕಿತ್ತಳೆ ಬಣ್ಣದ ಚಿಟ್ಟೆಯಾಗುವುದು. ಕಕ್ಕೆ, ಹರಳು, ನಿಂಬೆ, ಕರಿಬೇವು ಇವಕ್ಕೂ ತಮ್ಮ ತಮ್ಮ ಚಿಟ್ಟೆಗಳುಂಟು. ಕರಿಬೇವಿನ ಮೇಲಿನ ಎಳೆಯ ಹುಳುವು ಹಕ್ಕಿಯ ಹಿಕ್ಕೆಯಂತೆ ಕಾಣುತ್ತ ಶತ್ರುವಿನ ಕಣ್ಣು ತಪ್ಪಿಸುವ ಚಮತ್ಕಾರವನ್ನು ಗೃಹಿಣಿಯರು ಹಿತ್ತಿಲಲ್ಲಿಯೇ ನೋಡಬಹುದು.

ಆದುದರಿಂದ ಗಿಡವಳಿದರೆ ಚಿಟ್ಟೆಯೂ ಅಳಿಯುವುದು. ಅಮೆರಿಕ ಖಂಡದಿಂದ ಅಲಂಕಾರಕ್ಕೆಂದು ಬಂದ ಲಂಟಾನವು ಬಂಡೀಪುರದ ಕಾಡಿನಲ್ಲಿ ದಟ್ಟವಾಗಿ ಹಬ್ಬಿದೆ. ಅದರ ಹೂವಿಗೆ ಚಿಟ್ಟೆಗಳು ಮುತ್ತುವುದನ್ನು ಕಂಡು ಮರುಳಾಗಬಾರದು. ಅದರ ಪೊದೆಯ ಕೆಳಗೆ ಹುಲ್ಲೂ ನಾಡಗಿಡಗಳ ಸಸಿಗಳೂ ಬೆಳಕಿಲ್ಲದೆ ಸೊರಗುವುವು. ಔತಣವುಂಟು, ತೊಟ್ಟಿಲಿಲ್ಲ!

ತೊಟ್ಟಿಲನ್ನು ಮರಳಿ ಕಟ್ಟಬಹುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ದಕ್ಷಿಣ ಕನ್ನಡದ ಮೂಡುಬಿದಿರೆಗೆ ಸಮೀಪದ ಬೆಳುವಾಯಿಯಲ್ಲಿ ಶ್ರೀ ಸಮ್ಮಿಲನ್ ಶೆಟ್ಟರು ತಮ್ಮ ಕುಟುಂಬದ ಏಳು ಎಕರೆಗೆ ಮಿಕ್ಕ ನೆಲದಲ್ಲಿ ಚಿಟ್ಟೆಗಳ ಉದ್ಯಾನವೊಂದನ್ನು ರೂಪಿಸಿ ೨೦೧೩ರಲ್ಲಿ ತೆರೆದರು. ಅಲ್ಲಿ ಪಂಜರವಿಲ್ಲ, ಬಲೆಯಿಲ್ಲ. ಹುಳುಗಳಿಗೆ ಬೇಕಾದ ಗಿಡಬಳ್ಳಿಗಳನ್ನು ಬೆಳೆಸಿದುದರಿಂದ ಚಿಟ್ಟೆಗಳು ತಾವಾಗಿ ಬಂದು ನೆಲಸಿದುವು. ಕರ್ನಾಟಕದ ರಾಜ್ಯಚಿಟ್ಟೆಯೆನಿಸಿದ, ಕಪ್ಪು ಹಳದಿ ಬಣ್ಣದ ಭಾರಿ ರೆಕ್ಕೆಯ ಬರ್ಡ್‌ವಿಂಗ್ ಕೂಡ ತನ್ನ ಸಂತಾನಕ್ಕಾಗಿ ಈಶ್ವರಿಬಳ್ಳಿಯ ಕುಲದ ಬಳ್ಳಿಗಳನ್ನೇ ಅರಸುವುದು.

ಏಳು ಎಕರೆ ಎಲ್ಲರಿಗೂ ಎಲ್ಲಿಯದು? ಆದರೆ ಬೇಲಿಯೂ ಹಿತ್ತಿಲೂ ಅನೇಕರಿಗುಂಟು. ಬೇಲಿಯ ಎಕ್ಕವನ್ನು ನಿಷ್ಕಾರಣವಾಗಿ ಕಡಿಯದೆ, ನಿಂಬೆಯ ಗಿಡಕ್ಕೆ ಹುಳು ಕಂಡೊಡನೆ ಔಷಧ ಹೊಡೆಯದೆ ಇದ್ದರೆ ಸಾಕು. ಹೆಣ್ಣು ಚಿಟ್ಟೆಯು ಮುಂಗಾಲಿನಿಂದ ಎಲೆಯನ್ನು ತಟ್ಟಿ, ರುಚಿಯರಿತು, ಮೊಟ್ಟೆಯಿಡುವುದನ್ನು ಮಕ್ಕಳಿಗೆ ತೋರಿಸಬಹುದು. ಒಗ್ಗರಣೆಗೆ ನಾಲ್ಕೆಲೆ ಕಡಮೆಯಾದರೆ ಮನೆಗೆ ಬಡತನ ಬಾರದು.